ಟ್ರಕ್ಕಿನ ದೊಡ್ಡ ಎಂಜಿನಿಗೆ ಕಾರ್ಬುರೇಟರು: ಕಡಿಮೆ ಖರ್ಚಿನ ನಿಜವಾದ ಲೆಕ್ಕ

(ಗ್ರಾಮಸೇವಕರು ತರುಣ ರೈತರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ಬೀಜ ಗೊಬ್ಬರಗಳ ಮಾತನ್ನು ಬದಿಗಿಟ್ಟು ಒಂದು ಎಂಜಿನಿನ ಮಾತನ್ನಾಡಬೇಕಾಗಿದೆ. ನಮ್ಮ ಹಳ್ಳಿಗಳ ತರುಣರು ಈಚೆಗೆ ಫೋನಿನಲ್ಲಿ ಅಮೆರಿಕದ ರೈತರ ಚಿತ್ರಗಳನ್ನು ನೋಡುತ್ತಿದ್ದಾರೆ. ಅಲ್ಲೊಬ್ಬ ರೈತ ಟ್ರಕ್ಕಿನ ಎಂಜಿನಿನಿಂದ ಕಂಪ್ಯೂಟರನ್ನೂ ವೈರುಗಳ ಗೊಂಚಲನ್ನೂ ಕಿತ್ತುಹಾಕಿ, ಹಳೆಯ ಕಾಲದ ಕಾರ್ಬುರೇಟರನ್ನು ಕೂರಿಸಿ, ಗುಡುಗಿನಂತೆ ಎಂಜಿನನ್ನು ಹೊಡೆಸುತ್ತಾನೆ. ಅದನ್ನು ಕಂಡವರು ಮೂರು ನಾಲ್ಕು ಊರುಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಸ್ವಾಮಿ, ನಮ್ಮ ಗೂಡ್ಸ್ ಗಾಡಿಗೂ ಹೀಗೆ ಮಾಡಿಸಿದರೆ ರಿಪೇರಿಯ ಖರ್ಚು ಉಳಿಯುವುದಲ್ಲವೇ?" ಒಬ್ಬರಂತೂ ಸೊಸೈಟಿಯಿಂದ ಬಂದ ಬೆಳೆಸಾಲದಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿರಿಸಿದ್ದರು. ಆದುದರಿಂದ ಇದನ್ನು ಹುಡುಗಾಟದ ವಿಷಯವೆಂದು ಬಿಡುವಂತಿಲ್ಲ.

ನಮ್ಮಲ್ಲಿಗೆ ಸಂಬಂಧಿಸಿದ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಗಾಡಿ ಡೀಸೆಲಿನದಾದರೆ ಅದರಲ್ಲಿ ಕಾರ್ಬುರೇಟರಿಗೆ ಜಾಗವೇ ಇಲ್ಲ. ಡೀಸೆಲ್ ಎಂಜಿನು ಬರಿಯ ಗಾಳಿಯನ್ನು ಎಳೆದು, ಒತ್ತಿ ಕಾಯಿಸಿ, ಆ ಕಾವಿಗೆ ಎಣ್ಣೆಯನ್ನು ಚಿಮ್ಮಿಸಿ ಉರಿಸಿಕೊಳ್ಳುತ್ತದೆ. ಪೆಟ್ರೋಲ್ ಗಾಡಿಯಾದರೆ, 2020ರ ಏಪ್ರಿಲ್ 1ರಿಂದ ಮಾರಾಟವಾಗಿರುವ ಹೊಸ ಗಾಡಿಗಳೆಲ್ಲ ಬಿಎಸ್ 6 ಎಂಬ ಹೊಗೆಯ ನಿಯಮಕ್ಕೆ ಒಳಪಟ್ಟವು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಹಾಗಾಗಿ ಬೆಳೆಸಾಲದ ಹಣ ಬೆಳೆಗೇ ಹೋಗಲಿ.

ಆದರೆ ಆ ಅಮೆರಿಕದ ರೈತ ಹುಚ್ಚನೆಂದು ನಾನು ಹೇಳಲಾರೆ. ಅವನಿಗೆ ಅವನದೇ ಕಾರಣ ಉಂಟು. ಅವನ ಕೆಲಸದಲ್ಲಿ ಯಾವುದು ಸರಿ, ಯಾವುದು ದುಡ್ಡು ದಂಡ ಎಂಬುದನ್ನು ತಿಳಿದುಕೊಂಡರೆ ನಮ್ಮ ಹೊಲದ ಯಂತ್ರಗಳ ವಿಷಯದಲ್ಲೂ ಕಣ್ಣು ತೆರೆಯುತ್ತದೆ. ಅವನ ಟ್ರಕ್ಕಿನಲ್ಲಿರುವ ಕಾರ್ಬುರೇಟರಿನ ಚಿಕ್ಕ ತಮ್ಮನೇ ನಿಮ್ಮ ಪೆಟ್ರೋಲ್ ಪಂಪಿನಲ್ಲಿಯೂ ಕಳೆ ತೆಗೆಯುವ ಯಂತ್ರದಲ್ಲಿಯೂ ಕುಳಿತಿದ್ದಾನೆ.

ಅಲ್ಲಿ ಹೆಚ್ಚಾಗಿ ಕಾಣುವುದು ಷೆವ್ರೊಲೆ ಟ್ರಕ್ಕಿನ 454 ಎಂಬ ಎಂಜಿನು. 454 ಘನ ಅಂಗುಲ ಎಂದರೆ ಸುಮಾರು 7.4 ಲೀಟರು. ಎರಡು ಸಾಲಿನಲ್ಲಿ ಎಂಟು ಸಿಲಿಂಡರುಗಳು. ಇದನ್ನು ಅಲ್ಲಿಯವರು 'ಬಿಗ್ ಬ್ಲಾಕ್' ಎನ್ನುತ್ತಾರೆ. ಇದು ನಮ್ಮ ಬ್ಲಾಕ್ ಆಫೀಸಿನ ಬ್ಲಾಕಲ್ಲ. ಸಿಲಿಂಡರುಗಳನ್ನು ಕೊರೆದಿರುವ ಎರಕದ ಕಬ್ಬಿಣದ ದೊಡ್ಡ ಗಟ್ಟಿ. ಈ ಎಂಜಿನು 1970ರಲ್ಲಿ ಬಂದಿತು. 1986ರವರೆಗೆ ಟ್ರಕ್ಕುಗಳಲ್ಲಿ ಇದಕ್ಕೆ ಕಾರ್ಬುರೇಟರೇ ಇದ್ದಿತು. 1987ರಿಂದ 1995ರವರೆಗೆ ಕಾರ್ಬುರೇಟರಿನ ಜಾಗದಲ್ಲಿ ಎರಡು ಇಂಜೆಕ್ಟರುಗಳನ್ನು ಕೂರಿಸಿ ಕಂಪ್ಯೂಟರಿನಿಂದ ಪೆಟ್ರೋಲು ಚಿಮ್ಮಿಸಿದರು. 1996ರಿಂದ 2000ದವರೆಗೆ ಸಿಲಿಂಡರಿಗೊಂದು ಇಂಜೆಕ್ಟರು ಬಂದಿತು. ಎರಡು ಇಂಜೆಕ್ಟರಿನ ಎಂಜಿನಿನ ಬಲ 230 ಅಶ್ವಶಕ್ತಿ. ನಮ್ಮ ಸಾಧಾರಣ ಟ್ರ್ಯಾಕ್ಟರು 35ರಿಂದ 50 ಎಂಬುದನ್ನು ನೆನೆದರೆ ಅಂದಾಜು ಸಿಕ್ಕೀತು. ದನಗಳನ್ನು ತುಂಬಿದ ಟ್ರೇಲರು, ಹುಲ್ಲಿನ ಹೊರೆ ಎಳೆಯುವುದಕ್ಕೆ ಅವರು ಇದನ್ನು ಇಟ್ಟುಕೊಂಡಿರುತ್ತಾರೆ.

ಈಗ ಎರಡು ಬಗೆಯ ರೈತರನ್ನು ಬೇರೆ ಬೇರೆಯಾಗಿ ನೋಡಬೇಕು.

ಒಬ್ಬನ ಬಳಿ ತಂದೆಯ ಕಾಲದ, 1960ರ ದಶಕದ ಟ್ರಕ್ಕಿದೆ. ಎಂಜಿನು ಸವೆದಿದೆ. ಗುಜರಿಯಲ್ಲಿ 1990ರ ದಶಕದ ಜಖಂ ಗಾಡಿಯಿಂದ ಇಳಿಸಿದ 454 ಅಗ್ಗಕ್ಕೆ ಸಿಗುತ್ತದೆ. ಹಳೆಯ ಟ್ರಕ್ಕಿನಲ್ಲಿ ಕಂಪ್ಯೂಟರಿಲ್ಲ, ಅದರ ವೈರಿಲ್ಲ, ಟ್ಯಾಂಕಿನೊಳಗೆ ವಿದ್ಯುತ್ ಪಂಪಿಲ್ಲ. ಎಂಜಿನನ್ನು ಇಳಿಸಿ ಕಾರ್ಬುರೇಟರು ಹಾಕುವುದೇ ಇವನಿಗೆ ಹತ್ತಿರದ ದಾರಿ. ಇವನನ್ನು ನಾನು ಒಪ್ಪುತ್ತೇನೆ.

ಇನ್ನೊಬ್ಬನ ಟ್ರಕ್ಕು ಕಂಪ್ಯೂಟರಿನೊಂದಿಗೇ ಬಂದದ್ದು. ಅದು ಕಪ್ಪು ಹೊಗೆ ಬಿಡುತ್ತದೆ, ನಿಂತಲ್ಲಿ ಕುಂಟುತ್ತದೆ. ಇವನು ಬೇಸತ್ತು ಎಲ್ಲವನ್ನೂ ಕಿತ್ತುಹಾಕಲು ಹೊರಡುತ್ತಾನೆ. ಇವನಿಗೆ ನನ್ನ ಮಾತು: ಮೊದಲು ರೋಗವನ್ನು ಕಂಡುಹಿಡಿಯಪ್ಪ. 1995ರವರೆಗಿನ ಈ ಟ್ರಕ್ಕುಗಳಲ್ಲಿ ಅದಕ್ಕೆ ಬೇಕಾದದ್ದು ಒಂದು ತುಂಡು ತಂತಿ ಮಾತ್ರ. ಡ್ರೈವರನ ಮುಂದಿನ ಹಲಗೆಯ ಕೆಳಗೆ ಒಂದು ಸಾಕೆಟ್ಟು ಉಂಟು. ಅದರ ಎ, ಬಿ ಎಂಬ ಎರಡು ತೂತುಗಳನ್ನು ತಂತಿಯಿಂದ ಕೂಡಿಸಿ, ಎಂಜಿನನ್ನು ಹೊಡೆಸದೆ ಕೀಲಿಯನ್ನು ಮಾತ್ರ ತಿರುಗಿಸಿದರೆ ಎದುರಿನ ಎಚ್ಚರಿಕೆಯ ದೀಪ ಮಿಟುಕತೊಡಗುತ್ತದೆ. ಒಂದು ಮಿಟುಕು, ತುಸು ಬಿಡುವು, ಎರಡು ಮಿಟುಕು: ಇದು 12. ಇದು ಮೂರು ಸಲ ಬಂದರೆ ಕಂಪ್ಯೂಟರಿಗೆ ಜೀವವಿದೆ ಎಂದರ್ಥ. ಅನಂತರ ಬರುವ ಸಂಖ್ಯೆ ದೋಷದ್ದು. 14 ಅಥವಾ 15 ಬಂದರೆ ನೀರಿನ ಕಾವನ್ನು ಅಳೆಯುವ ಸೆನ್ಸರಿನ ಕಡೆ ದೋಷ. 33 ಅಥವಾ 34 ಬಂದರೆ ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದರ ಕಡೆ. ನೀರಿನ ಸೆನ್ಸರು ಕೆಟ್ಟರೆ ಎಂಜಿನು ಎಷ್ಟು ಕಾದಿದ್ದರೂ ತಣ್ಣಗಿದೆಯೆಂದೇ ಕಂಪ್ಯೂಟರು ತಿಳಿದು ಪೆಟ್ರೋಲು ಸುರಿಯುತ್ತಿರಬಹುದು. ಕಪ್ಪು ಹೊಗೆಗೆ ಅದೇ ಕಾರಣವಾದರೆ, ಬದಲಾಯಿಸಬೇಕಾದದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಸಾಮಾನು. ಜೊತೆಗೆ ಪೆಟ್ರೋಲ್ ಫಿಲ್ಟರು, ಎಂಜಿನಿನಿಂದ ಚಾಸಿಗೆ ಬರುವ ಅರ್ತಿಂಗ್ ವೈರು, ಪಂಪಿನ ಒತ್ತಡ, ಇವನ್ನು ನೋಡಿದರೆ ಎಷ್ಟೋ ಟ್ರಕ್ಕುಗಳು ಅಲ್ಲಿಗೇ ಸರಿಹೋಗುತ್ತವೆ.

ಇವನಿಗೆ ಇನ್ನೊಂದು ತೊಡಕೂ ಇದೆ. ಅಮೆರಿಕದ ವಾಯುಶುದ್ಧಿ ಕಾಯಿದೆಯು ರಸ್ತೆಯ ಗಾಡಿಯಲ್ಲಿ ಹೊಗೆ ತಡೆಯುವ ಸಲಕರಣೆಗಳನ್ನು ಕೀಳಬಾರದೆನ್ನುತ್ತದೆ. 1990ರ ತಿದ್ದುಪಡಿಯ ಮೇಲೆ ಈ ನಿರ್ಬಂಧ ಗಾಡಿಯ ಯಜಮಾನನಿಗೂ ತಗಲಿತು. ಕ್ಯಾಲಿಫೋರ್ನಿಯದಲ್ಲಿ 1976 ಮತ್ತು ಅನಂತರದ ಪೆಟ್ರೋಲ್ ಗಾಡಿಗಳು ಹೊಗೆಯ ಪರೀಕ್ಷೆಗೆ ನಿಲ್ಲಬೇಕು. ಫೋನಿನ ಚಿತ್ರದಲ್ಲಿ ಈ ಭಾಗ ಸಾಮಾನ್ಯವಾಗಿ ಕಾಣುವುದಿಲ್ಲ.

ಇನ್ನು ಮೊದಲನೆಯವನ ಕೆಲಸಕ್ಕೆ ಬರೋಣ. ಕಾರ್ಬುರೇಟರು ಕೊಳ್ಳುವುದೇ ಇದರಲ್ಲಿ ಖರ್ಚಿನ ಬಾಬೆಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಅದು ಕೊನೆಯ ಬಾಬು. ಕಂಪ್ಯೂಟರು ಪೆಟ್ರೋಲನ್ನು ಮಾತ್ರ ನೋಡಿಕೊಳ್ಳುತ್ತಿರಲಿಲ್ಲ. ಕಿಡಿಯನ್ನೂ, ಕೆಲವು ಟ್ರಕ್ಕುಗಳಲ್ಲಿ ಗೇರನ್ನೂ ಅದೇ ನೋಡಿಕೊಳ್ಳುತ್ತಿತ್ತು. ಅದನ್ನು ಮನೆಯಿಂದ ಹೊರಗೆ ಕಳಿಸಿದ ಮೇಲೆ ಅದು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಯಾರಾದರೂ ಮಾಡಲೇಬೇಕು. ಹೀಗೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಮೊದಲನೆಯದು ಗೇರ್‌ಬಾಕ್ಸು. ಕೈಯಿಂದ ಗೇರು ಹಾಕುವ ಟ್ರಕ್ಕಾದರೆ ಚಿಂತೆಯಿಲ್ಲ. ತಾನಾಗಿ ಗೇರು ಬದಲಾಗುವ ಬಗೆಯಲ್ಲಿ, 1990ರವರೆಗೆ ಈ ಎಂಜಿನಿನ ಹಿಂದೆ ಬರುತ್ತಿದ್ದ ಟರ್ಬೊ 400 ಎಂಬ ಮೂರು ಗೇರಿನದು ಎಂಜಿನಿನ ಎಳೆತವನ್ನು ನೋಡಿ ನಡೆದುಕೊಳ್ಳುತ್ತದೆ; ಕಂಪ್ಯೂಟರು ಬೇಡ. 1991ರಿಂದ ಬಂದ 4ಎಲ್80ಇ ಎಂಬ ನಾಲ್ಕು ಗೇರಿನದು ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಸರಿಯಾಗಿ ಗೇರು ಬದಲಾಯಿಸುವುದಿಲ್ಲ. ಅದಕ್ಕೆ ಬೇರೆ ನಿಯಂತ್ರಕವನ್ನು ಕೊಳ್ಳಬೇಕು, ಅದರ ಬೆಲೆಯೂ ಹೊಸ ಕಾರ್ಬುರೇಟರಿನಂತೆ ನೂರಾರು ಡಾಲರು. ಗುಜರಿಯಲ್ಲಿ ಎಂಜಿನಿನ ಜೊತೆಗೆ ಗೇರ್‌ಬಾಕ್ಸೂ ಅಗ್ಗಕ್ಕೆ ಬಂತೆಂದು ಹಿಗ್ಗುವವನು ಇದನ್ನು ಮೊದಲೇ ಎಣಿಸಿಕೊಂಡಿರಬೇಕು.

ಎರಡನೆಯದು ಕಿಡಿ. ಪೆಟ್ರೋಲ್ ಎಂಜಿನಿನಲ್ಲಿ ಪಿಸ್ಟನ್ನು ತುದಿಗೆ ಏರುವುದಕ್ಕೆ ಸ್ವಲ್ಪ ಮುಂಚೆಯೇ ಕಿಡಿ ಹಾರಬೇಕು, ಏಕೆಂದರೆ ಉರಿ ಹಬ್ಬಲು ಹೊತ್ತು ಬೇಕು. ಎಂಜಿನು ವೇಗವಾಗಿ ತಿರುಗಿದಷ್ಟೂ ಕಿಡಿ ಮುಂದಾಗಬೇಕು. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಇದಕ್ಕಾಗಿ ಸಣ್ಣ ತೂಕದ ತುಂಡುಗಳೂ ಎಂಜಿನಿನ ಎಳೆತದಿಂದ ನಡೆಯುವ ಒಂದು ಡಬ್ಬಿಯೂ ಇರುತ್ತಿದ್ದವು. ಇಂಜೆಕ್ಟರ್ ಎಂಜಿನಿನ ಡಿಸ್ಟ್ರಿಬ್ಯೂಟರಿನಲ್ಲಿ ಇವೆರಡೂ ಇಲ್ಲ. ಹೊತ್ತನ್ನು ಗೊತ್ತು ಮಾಡುವುದು ಕಂಪ್ಯೂಟರು. ಅದನ್ನೇ ಉಳಿಸಿಕೊಂಡು ಕಾರ್ಬುರೇಟರು ಹಾಕಿದರೆ ಎಂಜಿನು ಹೊತ್ತಿಕೊಳ್ಳಬಹುದು, ಆದರೆ ಹೊರೆ ಎಳೆಯಲಾರದು. ಕಾಯುತ್ತದೆ, ಪೆಟ್ರೋಲು ಕುಡಿಯುತ್ತದೆ. ಆಗ ಮಾಲೀಕನು ಕಾರ್ಬುರೇಟರನ್ನು ಬೈಯುತ್ತ ಅದರ ಸ್ಕ್ರೂಗಳನ್ನು ತಿರುಗಿಸುತ್ತ ಕೂರುತ್ತಾನೆ. ಇದಕ್ಕೆ ತಕ್ಕದ್ದು 1975ರಿಂದ ಜನರಲ್ ಮೋಟಾರ್ಸ್ ಕಂಪನಿಯ ಗಾಡಿಗಳಲ್ಲಿ ಬಂದ, ಮುಚ್ಚಳದಲ್ಲೇ ಕಾಯಿಲು ಇರುವ ಡಿಸ್ಟ್ರಿಬ್ಯೂಟರು. ಅದಕ್ಕೆ 12 ವೋಲ್ಟಿನ ಒಂದೇ ವೈರು ಸಾಕು. ಇಲ್ಲೊಂದು ಎಚ್ಚರಿಕೆ: ಭಾರಿ ಲಾರಿಗಳಿಗೆಂದು ಮಾಡಿದ 366 ಮತ್ತು 427 ಘನ ಅಂಗುಲದ ಇದೇ ಜಾತಿಯ ಎಂಜಿನುಗಳ ಬ್ಲಾಕು 0.4 ಅಂಗುಲ ಎತ್ತರ. 454ರ ಮ್ಯಾನಿಫೋಲ್ಡು ಅದಕ್ಕೆ ಕೂರುವುದಿಲ್ಲ, ಡಿಸ್ಟ್ರಿಬ್ಯೂಟರಿನ ಉದ್ದವೂ ಬೇರೆ. ಹಾಗೆಯೇ 1996ರ ಅನಂತರದ ಎಂಜಿನಿನಲ್ಲಿ ಕ್ಯಾಮಿಗೆ ಹೊಂದುವ ಲೋಹದ ಹಲ್ಲುಚಕ್ರವೇ ಡಿಸ್ಟ್ರಿಬ್ಯೂಟರಿನ ತುದಿಯಲ್ಲಿರಬೇಕು. ಇಲ್ಲವಾದರೆ ಒಂದು ಮತ್ತೊಂದನ್ನು ತಿಂದುಹಾಕುತ್ತದೆ.

ಮೂರನೆಯದು ಪೆಟ್ರೋಲಿನ ಒತ್ತಡ. ಇದರಲ್ಲಿ ಪ್ರಾಣದ ಮಾತಿದೆ, ಗಮನವಿಟ್ಟು ಕೇಳಿ. ಕಾರ್ಬುರೇಟರಿನೊಳಗೆ ಒಂದು ಸಣ್ಣ ತೊಟ್ಟಿ, ಅದರಲ್ಲಿ ತೇಲುವ ಫ್ಲೋಟು. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡಿನ ನಲ್ಲಿ ಇದ್ದಂತೆಯೇ ಸರಿ. ಪೆಟ್ರೋಲು ಏರಿದರೆ ಫ್ಲೋಟು ಏರಿ ಒಂದು ಸೂಜಿ ದಾರಿಯನ್ನು ಮುಚ್ಚುತ್ತದೆ. ಆ ಸೂಜಿ ತಡೆದುಕೊಳ್ಳುವುದು ಚದರ ಅಂಗುಲಕ್ಕೆ 5ರಿಂದ 7 ಪೌಂಡು ಒತ್ತಡವನ್ನು ಮಾತ್ರ. ಎರಡು ಇಂಜೆಕ್ಟರಿನ ಟ್ರಕ್ಕಿನ ಪಂಪು ಕಡಿಮೆಯೆಂದರೂ 9ರಿಂದ 13 ಪೌಂಡು ಒತ್ತುತ್ತದೆ. 1996ರ ಅನಂತರದ್ದು 60ರ ಆಸುಪಾಸು. ಅದನ್ನು ನೇರವಾಗಿ ಕಾರ್ಬುರೇಟರಿಗೆ ಜೋಡಿಸಿದರೆ ಸೂಜಿ ಸೋತು ಪೆಟ್ರೋಲು ತೊಟ್ಟಿ ಮೀರಿ ಕಾದ ಎಂಜಿನಿನ ಮೇಲೆ ಹರಿಯುತ್ತದೆ. ಬೆಂಕಿ ಹೊತ್ತದಿದ್ದರೂ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಆಯಿಲಿನಲ್ಲಿ ಬೆರೆಯುತ್ತದೆ.

ಹಣ ಕಡಿಮೆಯಿದ್ದವನಿಗೆ ಒಳ್ಳೆಯದು ಎಂಜಿನಿನ ಪಕ್ಕದಲ್ಲೇ ಕೂರುವ ಹಳೆಯ ಮಾದರಿಯ ಯಾಂತ್ರಿಕ ಪಂಪು. ಆದರೆ 1991ರಿಂದ ಬಂದ ಐದನೆಯ ಪೀಳಿಗೆಯ ಬ್ಲಾಕಿನಲ್ಲಿ ಅದಕ್ಕೆ ಜಾಗವನ್ನೇ ತೆಗೆದುಬಿಟ್ಟರು. ಅದಕ್ಕೆ ಹಿಂದಿನದರಲ್ಲೂ ಜಾಗವನ್ನು ಕೊರೆದಿದ್ದಾರೆಯೇ ಎಂದು ಎಂಜಿನು ಕೊಳ್ಳುವ ಮುಂಚೆಯೇ ಕೈಯಿಂದ ಮುಟ್ಟಿ ನೋಡಬೇಕು. ಇಲ್ಲದಿದ್ದರೆ ಕಡಿಮೆ ಒತ್ತಡದ ವಿದ್ಯುತ್ ಪಂಪು ಹಾಕಿ, ಅದರ ಕರೆಂಟನ್ನು ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕ ಕೊಡಬೇಕು. ಎಂಜಿನು ನಿಂತರೆ ಆಯಿಲಿನ ಒತ್ತಡ ಇಳಿಯುತ್ತದೆ, ಪಂಪೂ ನಿಲ್ಲುತ್ತದೆ. ಗಾಡಿ ಮಗುಚಿಬಿದ್ದಾಗ ಕೀಲಿ ತಿರುಗಿಸಲು ಡ್ರೈವರನಿಗೆ ಕೈ ಆಡದಿದ್ದರೂ ಪೆಟ್ರೋಲು ಸುರಿಯುತ್ತಿರುವುದಿಲ್ಲ. ಉಳಿತಾಯದ ಹೆಸರಿನಲ್ಲಿ ಈ ಸ್ವಿಚ್ಚನ್ನು ಬಿಡುವವನ ಟ್ರಕ್ಕಿನಲ್ಲಿ ನಾನಾದರೆ ಕೂರುವುದಿಲ್ಲ.

ಇಷ್ಟಾದ ಮೇಲೆ ಕಾರ್ಬುರೇಟರು. ದೊಡ್ಡ ಎಂಜಿನಿಗೆ ದೊಡ್ಡ ಕಾರ್ಬುರೇಟರು ಎಂಬ ಭ್ರಮೆ ಅಲ್ಲಿಯೂ ಇದೆ. ನಾವೇ ಲೆಕ್ಕ ಹಾಕೋಣ. ಎರಡು ಸುತ್ತಿಗೊಮ್ಮೆ ಈ ಎಂಜಿನು 7.4 ಲೀಟರು ಗಾಳಿಯನ್ನು ನುಂಗುತ್ತದೆ. ನಿಮಿಷಕ್ಕೆ 4,000 ಸುತ್ತಾದರೆ 2,000 ಸಲ, ಅಂದರೆ 14,800 ಲೀಟರು. ಒಂದು ಘನ ಅಡಿಗೆ 28.3 ಲೀಟರಿನಂತೆ ಇದು ಸುಮಾರು 523 ಘನ ಅಡಿ. ಸಿಲಿಂಡರು ಎಂದೂ ಪೂರ್ತಿ ತುಂಬುವುದಿಲ್ಲ. ನೂರಕ್ಕೆ 85 ಪಾಲು ಎಂದಿಟ್ಟುಕೊಂಡರೆ 445 ಘನ ಅಡಿ. ಹೊರೆ ಎಳೆಯುವ ಟ್ರಕ್ಕು 4,000 ಸುತ್ತನ್ನು ದಾಟುವುದು ಅಪರೂಪ. ನಿಮಿಷಕ್ಕೆ 600 ಘನ ಅಡಿಯ ಕಾರ್ಬುರೇಟರು ಧಾರಾಳವಾಯಿತು. 750ರದ್ದು ವಾಡಿಕೆಯಲ್ಲಿದೆ, ಹಿಂದಿನ ಎರಡು ಬಾಯಿಗಳು ಎಂಜಿನು ಕೇಳಿದಾಗ ಮಾತ್ರ ತೆರೆಯುವ ಬಗೆಯದಾದರೆ ಬಾಧಕವಿಲ್ಲ. ಅದಕ್ಕೂ ದೊಡ್ಡದು ಹಾಳು. ಅಗಲವಾದ ಕಾಲುವೆಗೆ ಸ್ವಲ್ಪ ನೀರು ಬಿಟ್ಟರೆ ಓಟ ಕುಗ್ಗಿ ಹೂಳು ಅಲ್ಲಲ್ಲೇ ಕೂರುವುದನ್ನು ನೀವು ನೋಡಿದ್ದೀರಿ. ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಗಾಳಿ ರಭಸದಿಂದ ಹರಿದಾಗಲೇ ಅಲ್ಲಿ ಒತ್ತಡ ತಗ್ಗಿ ಪೆಟ್ರೋಲು ಮೇಲೆದ್ದು ಮಂಜಿನಂತೆ ಬೆರೆಯುತ್ತದೆ. ಕೊರಳು ಅಗಲವಾದರೆ ಹನಿಹನಿಯಾಗಿ ಸುರಿಯುತ್ತದೆ, ಅಷ್ಟೆ.

ಅಗ್ಗದ ದಾರಿಯೆಂದರೆ ಇದೇ 454ಕ್ಕೆ 1986ರವರೆಗೆ ಕಂಪನಿಯೇ ಹಾಕುತ್ತಿದ್ದ ಕ್ವಾಡ್ರಾಜೆಟ್ ಎಂಬ ಕಾರ್ಬುರೇಟರು ಮತ್ತು ಅದರ ಮ್ಯಾನಿಫೋಲ್ಡು. ಮುಂದೆ ಎರಡು ಕಿರುಬಾಯಿ, ಹಿಂದೆ ಎರಡು ಹಿರಿಬಾಯಿ. ಹಗುರ ಕೆಲಸದಲ್ಲಿ ಕಿರುಬಾಯಿಗಳು ಮಾತ್ರ ಕೆಲಸ ಮಾಡುವುದರಿಂದ ಪೆಟ್ರೋಲು ಉಳಿಯುತ್ತದೆ. ಗುಜರಿಯಲ್ಲಿ ಆರಿಸುವಾಗ ಎರಡು ವಿಷಯ ನೋಡಬೇಕು. 1980ರ ದಶಕದ ಕಾರುಗಳಿಂದ ಬಂದ ಕೆಲವು ಕ್ವಾಡ್ರಾಜೆಟ್ಟುಗಳನ್ನೂ ಕಂಪ್ಯೂಟರೇ ನಡೆಸುತ್ತಿತ್ತು. ಚೋಕಿನ ವೈರಲ್ಲದೆ ಮೇಲ್ಭಾಗದಲ್ಲಿ ಬೇರೆ ವಿದ್ಯುತ್ ಪ್ಲಗ್ಗುಗಳಿದ್ದರೆ ಅದನ್ನು ಅಲ್ಲಿಯೇ ಬಿಡಿ; ಕಂಪ್ಯೂಟರನ್ನು ಬಿಡಲು ಹೋಗಿ ಕಂಪ್ಯೂಟರಿನದನ್ನೇ ತಂದಂತಾದೀತು. ಇನ್ನು, ಇದರ ತಳದಲ್ಲಿರುವ ಬಿರಟೆಗಳು ಹಳತಾದ ಮೇಲೆ ಜಿನುಗಿ ರಾತ್ರಿ ಕಳೆಯುವಷ್ಟರಲ್ಲಿ ತೊಟ್ಟಿ ಬರಿದಾಗುವುದುಂಟು. ಬಿಚ್ಚಿ ತೊಳೆದಾಗ ಅವಕ್ಕೆ ಪೆಟ್ರೋಲಿಗೆ ಕರಗದ ಎಪಾಕ್ಸಿ ಹಚ್ಚುತ್ತಾರೆ. ಮ್ಯಾನಿಫೋಲ್ಡಿನ ವಿಷಯದಲ್ಲಿ, ಇಂಜೆಕ್ಟರ್ ಟ್ರಕ್ಕಿನ ಹೆಡ್ಡಿನ ಕಂಡಿಗಳು ಕಿರಿದಾದ ಮೊಟ್ಟೆಯಾಕಾರದವು. ಪಂದ್ಯದ ಕಾರಿನ ಚೌಕ ಕಂಡಿಯ ಮ್ಯಾನಿಫೋಲ್ಡು ನೋಡಲು ಚಂದ, ಇಲ್ಲಿಗೆ ಸಲ್ಲದು.

ಜೋಡಿಸುವ ಕೆಲಸ ಅನುಭವಿ ಮೇಸ್ತ್ರಿಯದು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಹೊಂದಿಸುವ ಕ್ರಮ ಮಾತ್ರ ನೆನಪಿರಲಿ: ಮೊದಲು ಕಿಡಿ, ಆಮೇಲೆ ಪೆಟ್ರೋಲು. 3,000 ಸುತ್ತಿನ ಹೊತ್ತಿಗೆ ಕಿಡಿ ಒಟ್ಟು 32ರಿಂದ 36 ಡಿಗ್ರಿ ಮುಂದಾಗಿರುವಂತೆ ನಿಲ್ಲಿಸಿ, ಹೊರೆ ಹೇರಿದಾಗ ಎಂಜಿನು ಟಕಟಕ ಬಡಿದರೆ ಒಂದೆರಡು ಡಿಗ್ರಿ ಹಿಂದೆ ತರುತ್ತಾರೆ. ಅನಂತರವೇ ಕಾರ್ಬುರೇಟರಿನ ಸ್ಕ್ರೂ.

ಕಾರ್ಬುರೇಟರಿಗೆ ಒಂದು ಕುಂದು ಹುಟ್ಟಿನಿಂದಲೇ ಬಂದದ್ದು. ಗಾಳಿ ತೆಳುವಾದುದು ಅದಕ್ಕೆ ತಿಳಿಯುವುದಿಲ್ಲ. ಸಮುದ್ರಮಟ್ಟದಲ್ಲಿ ಹೊಂದಿಸಿದ ಟ್ರಕ್ಕನ್ನು 5,280 ಅಡಿ ಎತ್ತರದ ಡೆನ್ವರಿಗೆ ಒಯ್ದರೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚಾಗಿ ಹೊಗೆ ಬರುತ್ತದೆ. ಒಳಗಿನ ಜೆಟ್ಟುಗಳನ್ನು ಕಿರಿದು ಮಾಡಬೇಕು. ಕಂಪ್ಯೂಟರಾದರೆ ತಾನೇ ಅರಿತು ಸರಿಪಡಿಸಿಕೊಳ್ಳುತ್ತಿತ್ತು. ನಮ್ಮಲ್ಲಿ ಕರಾವಳಿಯಿಂದ ಮಡಿಕೇರಿಗೆ ಪೆಟ್ರೋಲ್ ಪಂಪನ್ನು ಒಯ್ದವರು ಅದರ ಹೊಗೆ ಹೆಚ್ಚಾದುದನ್ನು ಕಂಡರೆ ಕಾರಣ ಇದೇ ಇರಬಹುದು. ಪಂಪು ಕೆಟ್ಟಿತೆಂದು ಮಾರಿಬಿಡಬೇಡಿ.

ಕೊನೆಯದಾಗಿ ನಿಮ್ಮ ಕೈಯಲ್ಲಿರುವ ಕಾರ್ಬುರೇಟರುಗಳ ಮಾತು. 2025ರಿಂದ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲು ಬೆರೆತು ಬರುತ್ತಿದೆ. ಅದು ನಮ್ಮ ಕಬ್ಬಿನಿಂದಲೂ ಜೋಳದಿಂದಲೂ ಆಗುವ ಪದಾರ್ಥ. ರೈತನಿಗೆ ಮಾರುಕಟ್ಟೆಯಾಯಿತು, ಸಂತೋಷ. ಆದರೆ ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮಳೆಗಾಲವೆಲ್ಲ ಮೂಲೆಯಲ್ಲಿ ನಿಂತ ಪಂಪಿನ ಆ ಸಣ್ಣ ತೊಟ್ಟಿಯಲ್ಲಿ ಪೆಟ್ರೋಲು ಉಳಿದರೆ ಪಾಚಿಯಂಥ ಜಿಡ್ಡು ಕಟ್ಟಿ, ಕೂದಲೆಳೆಯಷ್ಟು ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ನೀರು ಬೇಕಾದ ದಿನ ಹಗ್ಗ ಎಳೆದೆಳೆದು ಭುಜ ನೋವಾಗುವುದೇ ಲಾಭ.

ಕೆಲಸದ ಕಾಲ ಮುಗಿದೊಡನೆ ಹೀಗೆ ಮಾಡಿ. ಟ್ಯಾಂಕಿನ ಕಾಕನ್ನು ಮುಚ್ಚಿ, ಎಂಜಿನನ್ನು ಹೊಡೆಸಿ, ತಾನಾಗಿ ನಿಲ್ಲುವವರೆಗೆ ಬಿಡಿ. ಬಟ್ಟಲಿನ ತಳದಲ್ಲಿ ಸ್ಕ್ರೂ ಇದ್ದರೆ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ. ಹತ್ತಿರ ಬೀಡಿ, ದೀಪ ಬೇಡ. ಪೊದೆ ಕತ್ತರಿಸುವ ಸಣ್ಣ ಯಂತ್ರಗಳಲ್ಲಿ ಫ್ಲೋಟಿನ ಬದಲು ತೆಳುವಾದ ರಬ್ಬರಿನ ಪರದೆ ಇರುತ್ತದೆ. ಅಂಥವುಗಳ ಟ್ಯಾಂಕನ್ನೇ ಬರಿದುಮಾಡಿ, ಒಳಗೆ ಉಳಿದುದು ಮುಗಿಯುವವರೆಗೆ ಓಡಿಸಿ. ಇಷ್ಟಕ್ಕೆ ಕಾಸಿನ ಖರ್ಚೂ ಇಲ್ಲ.

ಬರುವ ಸಂತೆಯ ದಿನ ಮಧ್ಯಾಹ್ನ ಪಂಚಾಯಿತಿ ಕಟ್ಟೆಯ ಬಳಿ ಒಂದು ಪಂಪಿನ ಕಾರ್ಬುರೇಟರನ್ನು ಬಿಚ್ಚಿ, ಫ್ಲೋಟು, ಸೂಜಿ, ಜೆಟ್ಟುಗಳನ್ನು ತೋರಿಸಲು ಪೇಟೆಯ ಮೇಸ್ತ್ರಿಯೊಬ್ಬರು ಒಪ್ಪಿದ್ದಾರೆ. ಹೊತ್ತಿಕೊಳ್ಳದ ಪಂಪುಗಳಿದ್ದವರು ಟ್ಯಾಂಕು ಬರಿದುಮಾಡಿಕೊಂಡು ಹೊತ್ತು ತನ್ನಿ.